ಬೆಳಗಿನ ಜಾವ ಐದಕ್ಕೆ ಬರ್ಗರ್

ಬೆಳಗಿನ ಜಾವ ಐದು ಗಂಟೆಗೆ ಯಾರಾದರೂ ಬರ್ಗರ್ ತಿಂತಾರಾ? ನಾನು ತಿಂದೆ, ಹೋದ ತಿಂಗಳು, ದೇವನಹಳ್ಳಿ ಏರ್‌ಪೋರ್ಟಲ್ಲಿ.

ದಾವಣಗೆರೆಯವರ ಪಾಡು ಗೊತ್ತಲ್ವಾ. ನಮ್ಮೂರಲ್ಲಿ ವಿಮಾನ ಇಳಿಯಲ್ಲ. 2023ರಲ್ಲಿ ಶಿವಮೊಗ್ಗದಲ್ಲಿ ಶುರುವಾಯಿತು ನಿಜ, ಆದರೆ ನನಗೆ ಬೇಕಾದ ಹೊತ್ತಿಗೆ ಅಲ್ಲಿಂದ ದೆಹಲಿಗೆ ಸಿಗಲಿಲ್ಲ. ಏಳರ ವಿಮಾನಕ್ಕೆ ರಾತ್ರಿ ಹನ್ನೊಂದಕ್ಕೇ ಮನೆ ಬಿಟ್ಟೆ. ಹಿರಿಯೂರು, ಶಿರಾ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಅಷ್ಟೊತ್ತಿಗೆ ರಾತ್ರಿ ಉಂಡ ರೊಟ್ಟಿ ಎಲ್ಲಿರುತ್ತೆ ಹೇಳಿ.

ಇದು ಅಮ್ಮನಿಗೆ ಮೊದಲೇ ಗೊತ್ತು. "ಹಸ್ಕೊಂಡು ಕೂರಬ್ಯಾಡ" ಅಂತ ಸ್ಟೀಲ್ ಡಬ್ಬಿ ತುಂಬ ಖಾರ ಮಂಡಕ್ಕಿ ಕೊಟ್ಟಿದ್ದರು. ಶೇಂಗಾ, ಕರಿಬೇವು, ಸಿಪ್ಪೆ ಸಮೇತ ಜಜ್ಜಿ ಹುರಿದ ಬೆಳ್ಳುಳ್ಳಿ. ತಪಾಸಣೆಯಲ್ಲಿ ಡಬ್ಬಿ ತೆಗೆಸಿದರು. ಮುಚ್ಚಳ ಎತ್ತಿದ್ದೇ ತಡ, ಬೆಳ್ಳುಳ್ಳಿ ಘಮ ಸಾಲಿನುದ್ದಕ್ಕೂ ಹೋಯಿತು. "ಮುರ್ಮುರಾ?" ಅಂತ ಆ ಜವಾನ ನಕ್ಕ. ಹಿಂದಿದ್ದ ಕೋಟಿನವರು ಮೂಗು ಮುರಿದರು. ಅಥವಾ ಹಾಗೆ ನನಗೆ ಅನ್ನಿಸಿತು.

ಅಷ್ಟೇ ಸಾಕಾಯಿತು. ಎರಡನೇ ಟರ್ಮಿನಲ್ಲಿನ ಬಿದಿರಿನ ಚಾವಣಿ, ಮೇಲಿಂದ ತೂಗುವ ಗಿಡಗಳು, ಅದರ ಕೆಳಗೆ ಕೂತು ಕರುಂ ಕುರುಂ ಅನ್ನಿಸೋಕೆ ಧೈರ್ಯ ಬರಲಿಲ್ಲ. ಎದ್ದು ಹೋಗಿ ಬರ್ಗರ್, ಫ್ರೈಸ್, ಕೋಲಾ ತಗೊಂಡೆ. 400 ಚಿಲ್ಲರೆ. ಆ ದುಡ್ಡಿಗೆ ನಮ್ಮೂರಲ್ಲಿ ಮನೆಮಂದಿಯೆಲ್ಲ ಬೆಣ್ಣೆ ದೋಸೆ ತಿನ್ನಬಹುದು. ಬನ್ನು ಬಿಸಿ, ಒಳಗಿನ ಸೊಪ್ಪು ತಣ್ಣಗೆ, ಕಾಗದಕ್ಕೆ ಅರ್ಧ ಸಾಸು ಅಂಟಿತ್ತು.

ಏರ್‌ಪೋರ್ಟ್ ತಿಂಡಿ ದುಬಾರಿ ಅಂತ ಎಲ್ಲರೂ ಬೈತಾರೆ. 2024ರ ಡಿಸೆಂಬರಲ್ಲಿ ಕೋಲ್ಕತ್ತಾದಲ್ಲಿ ಉಡಾನ್ ಯಾತ್ರಿ ಕೆಫೆ ತೆರೆದು 10 ರೂಪಾಯಿಗೆ ಚಹಾ, 20ಕ್ಕೆ ಸಮೋಸಾ ಕೊಟ್ಟರು. ಒಳ್ಳೇದೇ. ಆದರೆ ಕೈಯಲ್ಲಿ ಪುಕ್ಕಟೆ ಮಂಡಕ್ಕಿ ಇಟ್ಟುಕೊಂಡು ಬರ್ಗರಿಗೆ ಸಾಲು ನಿಂತವನಿಗೆ ರೇಟಿನ ಬಗ್ಗೆ ಮಾತಾಡೋ ಹಕ್ಕಿಲ್ಲ. ನನ್ನ ಕೈಲಿ ಆ 400 ಖರ್ಚು ಮಾಡಿಸಿದ್ದು ನಾಚಿಕೆ. ಬಸ್‌ಸ್ಟ್ಯಾಂಡಲ್ಲಿ ಇದೇ ಡಬ್ಬಿ ಬಿಚ್ಚೋಕೆ ಎಂದಾದರೂ ಹಿಂದೆಮುಂದೆ ನೋಡಿದ್ದೀನಾ?

ಮೇಲೆ ಹೋದ ಮೇಲೆ ಇನ್ನೊಂದು ಫಜೀತಿ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟೇ ಇರುತ್ತೆ. ಮುಳ್ಳಯ್ಯನಗಿರಿ ತುದಿಯಲ್ಲಿ ಕೂತ ಹಾಗೆ ಅಂದುಕೊಳ್ಳಿ. ಒತ್ತಡ ಇಳಿದರೆ ಹೊಟ್ಟೆಯೊಳಗಿನ ಗ್ಯಾಸ್ ಹಿಗ್ಗುತ್ತೆ. ಅದಕ್ಕೆ ಕೋಲಾ ಬೇರೆ ಸೇರಿತ್ತಲ್ಲ, ಹೊಟ್ಟೆ ತಮಟೆ! ದೆಹಲಿ ಬರುವವರೆಗೂ ಬೆಲ್ಟಿನ ಕೊಂಡಿ ಜತೆಗೇ ಕುಸ್ತಿ.

ರಾತ್ರಿ ರೂಮಲ್ಲಿ ಬ್ಯಾಗ್ ತೆಗೆದರೆ ಡಬ್ಬಿ ಮುಚ್ಚಳ ಸಡಿಲಾಗಿ ಮಂಡಕ್ಕಿಯೆಲ್ಲ ಅಂಗಿಗಳ ಮೇಲೆ ಚೆಲ್ಲಿತ್ತು. ಮಡಿಕೆ ಮಡಿಕೆಯಿಂದ ಆರಿಸಿಕೊಂಡು ತಿನ್ನುತ್ತಾ ಕೂತೆ. ಅಷ್ಟರಲ್ಲಿ ಅಮ್ಮನ ಫೋನು.

"ಮಂಡಕ್ಕಿ ತಿಂದ್ಯಾ?"

"ಹ್ಞೂಂ, ಏರ್‌ಪೋರ್ಟಲ್ಲೇ ಖಾಲಿ ಮಾಡಿದೆ ಅಮ್ಮಾ" ಅಂದೆ, ಬಾಯಲ್ಲಿದ್ದದ್ದು ನುಂಗಿ.