ಸಂಜೆ ಏಳಕ್ಕೆ, ಏಪ್ರಿಲ್ ತಿಂಗಳಲ್ಲಿ ಕರೆಂಟು ಎಲ್ಲಿಂದ?

ಯಾವ ದೇಶ ಹೇಗೆ ಕರೆಂಟು ಮಾಡುತ್ತೆ ಅನ್ನೋ ಪಟ್ಟಿಗಳು ಆಗಾಗ ಓಡಾಡ್ತಾ ಇರ್ತವೆ. ನಾರ್ವೆಯಲ್ಲಿ ಶೇ. 90ರ ಆಸುಪಾಸು ನೀರಿನಿಂದ, ಫ್ರಾನ್ಸಿನಲ್ಲಿ ಮೂರರಲ್ಲಿ ಎರಡು ಪಾಲು ಅಣುಸ್ಥಾವರಗಳಿಂದ, ಡೆನ್ಮಾರ್ಕಿನಲ್ಲಿ ಅರ್ಧಕ್ಕೂ ಹೆಚ್ಚು ಗಾಳಿಯಿಂದ. ಕೆಳಗೆ ಒಂದು ಪ್ರಶ್ನೆ: ನಾವ್ಯಾಕೆ ಹಾಗೆ ಮಾಡಬಾರದು?

ಪ್ರಶ್ನೆ ತಪ್ಪಲ್ಲ, ಅರ್ಧಕ್ಕೇ ನಿಂತಿದೆ. ಗಾಳಿ ಬೀಸದ ದಿನ, ಮಳೆ ಕೈಕೊಟ್ಟ ವರ್ಷ ಆ ದೇಶ ಏನು ಮಾಡುತ್ತೆ ಅನ್ನೋದನ್ನೂ ಕೇಳಬೇಕು. ಗ್ರಿಡ್ಡಿಗೆ, ಅಂದರೆ ಎಲ್ಲರನ್ನೂ ಜೋಡಿಸಿರುವ ಕರೆಂಟಿನ ಜಾಲಕ್ಕೆ, ಆ ಕ್ಷಣ ಎಷ್ಟು ಬೇಕೋ ಆ ಕ್ಷಣವೇ ಅಷ್ಟು ಹುಟ್ಟಬೇಕು. ಕಮ್ಮಿಯಾದರೆ ಕರೆಂಟಿನ ಫ್ರೀಕ್ವೆನ್ಸಿ (ಸೆಕೆಂಡಿಗೆ 50 ಸುತ್ತು, ಅಂದರೆ 50 ಹರ್ಟ್ಸ್ ಇರಬೇಕಾದದ್ದು) ಇಳಿಯುತ್ತೆ, ಇನ್ನೂ ಇಳಿದರೆ ಫೀಡರುಗಳು, ಅಂದರೆ ಸಬ್‌ಸ್ಟೇಷನ್ನಿನಿಂದ ಊರು, ಹೊಲಗಳಿಗೆ ಕರೆಂಟು ಒಯ್ಯುವ ಲೈನುಗಳು, ತಾವಾಗೇ ಕಡಿತಗೊಳ್ಳುತ್ತವೆ. ವರ್ಷದ ಸರಾಸರಿ ಶೇಕಡಾ ಲೆಕ್ಕ ಇದನ್ನು ಹೇಳೋದಿಲ್ಲ.

ಡೆನ್ಮಾರ್ಕ್ ಗಾಳಿ ನೆಚ್ಚಿಕೊಂಡು ಬದುಕಿರೋದು ಪಕ್ಕದ ನಾರ್ವೆಯ ಜಲಾಶಯಗಳಿಂದ. ಗಾಳಿ ಜೋರಿದ್ದಾಗ ಸಮುದ್ರದಡಿಯ ಕೇಬಲ್ಲಿನಲ್ಲಿ ಅತ್ತ ಕಳಿಸುತ್ತೆ, ನಾರ್ವೆ ತನ್ನ ನೀರು ಉಳಿಸಿಕೊಳ್ಳುತ್ತೆ. ಗಾಳಿ ನಿಂತಾಗ ಅದೇ ಕೇಬಲ್ಲಿನಲ್ಲಿ ಇತ್ತ ತರಿಸಿಕೊಳ್ಳುತ್ತೆ. ನಾರ್ವೆಯ ಜಲಾಶಯಗಳು ತುಂಬಿದರೆ ಆ ದೇಶದ ವರ್ಷದ ಬಳಕೆಯ ಅರ್ಧಕ್ಕೂ ಮಿಕ್ಕಿ ಕರೆಂಟು ಅಲ್ಲೇ ಕೂಡಿಟ್ಟ ಹಾಗೆ. ಜಾಂಬಿಯಾದ್ದೂ ಶೇ. 80ಕ್ಕಿಂತ ಹೆಚ್ಚು ನೀರಿನ ಕರೆಂಟೇ. 2024ರ ಬರಕ್ಕೆ ಕರೀಬಾ ಅಣೆಕಟ್ಟೆ ತಳ ಕಂಡಾಗ ಅಲ್ಲಿನ ಮನೆಗಳಿಗೆ ದಿನಕ್ಕೆ ಕೆಲವೇ ಗಂಟೆ ಕರೆಂಟು ಸಿಕ್ಕಿತು. ಫ್ರಾನ್ಸ್ ಕೂಡ ಇದರಿಂದ ಹೊರತಲ್ಲ. 2022ರಲ್ಲಿ ಪೈಪುಗಳಲ್ಲಿ ಬಿರುಕು ಕಂಡು ಹಲವು ರಿಯಾಕ್ಟರುಗಳನ್ನು ನಿಲ್ಲಿಸಬೇಕಾಯಿತು. ಅದೇ ಬೇಸಿಗೆಯಲ್ಲಿ ನದಿ ನೀರು ಕಾದು ತಂಪು ಮಾಡೋದೂ ಕಷ್ಟವಾಯಿತು. ಸದಾ ಮಾರುವ ದೇಶ ಆ ವರ್ಷ ಕೊಂಡುಕೊಂಡಿತು.

ಈ ಪಾಠ ಮಂಡ್ಯ ಜಿಲ್ಲೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ಲೈನು ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಉತ್ಪಾದನೆಯೂ ಸೊರಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ನೀರಾವರಿಯಷ್ಟೇ ಇದೂ ಒಂದು ಕಾರಣ.

ಹಾಗಾದರೆ ಕಟ್ಟೆ ಇದೆಯಲ್ಲ, ನಾವೂ ನಾರ್ವೆ ಆಗಬಹುದಲ್ಲ ಅಂದರೆ, ಆಗೋದಿಲ್ಲ. ಲೆಕ್ಕ ಸರಳ: 100 ಮೀಟರ್ ಎತ್ತರದಿಂದ 1000 ಕ್ಯೂಸೆಕ್ ನೀರು ಬಿಟ್ಟರೆ, ಯಂತ್ರಗಳಲ್ಲಿ ಆಗುವ ನಷ್ಟ ಕಳೆದು ಸುಮಾರು 23-24 ಮೆಗಾವ್ಯಾಟ್. ಶಿವನಸಮುದ್ರದ ಪೂರ್ತಿ ಸಾಮರ್ಥ್ಯ 42 ಮೆಗಾವ್ಯಾಟ್. ಕನ್ನಂಬಾಡಿಯಿಂದ ಗದ್ದೆಗಳಿಗೆ ಹೋಗುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ತಿರುಗಿಸಿದ ನೀರು ಆ ಟರ್ಬೈನುಗಳಿಗೆ ಸಿಗೋದಿಲ್ಲ. ಗದ್ದೆ, ಕುಡಿಯುವ ನೀರು ಮೊದಲು ಅನ್ನೋದು ಸರಿಯಾದ ತೀರ್ಮಾನ. ಏಪ್ರಿಲ್ಲಿನಲ್ಲಿ ಇಲ್ಲಿನ ನೀರು ನಂಬಿ ಕರೆಂಟಿನ ಯೋಜನೆ ಹಾಕಬಾರದು.

ನೀರು ಬಿಟ್ಟರೆ ಇಲ್ಲಿ ಕಬ್ಬಿದೆ. ಕಬ್ಬಿನ ಸಿಪ್ಪೆ ಉರಿಸಿ ಕರೆಂಟು ಮಾಡುವ ವಿಷಯದಲ್ಲಿ ನಾವು ನೋಡಬೇಕಾದ ದೇಶ ಮಾರಿಷಸ್. ಒಂದು ಟನ್ ಕಬ್ಬು ಅರೆದರೆ 280ರಿಂದ 300 ಕೆ.ಜಿ. ಸಿಪ್ಪೆ, ಅದರಲ್ಲಿ ಅರ್ಧ ತೇವಾಂಶ. ಹಳೇ ಕಡಿಮೆ ಒತ್ತಡದ ಬಾಯ್ಲರಿನಲ್ಲಿ ಅಷ್ಟೂ ಉರಿಸಿದರೆ ಕಾರ್ಖಾನೆ ಓಡೋದಕ್ಕೇ ಸರಿಹೋಗುತ್ತೆ. ಚದರ ಸೆಂಟಿಮೀಟರಿಗೆ 67 ಅಥವಾ 87 ಕೆ.ಜಿ. ಒತ್ತಡದ ಬಾಯ್ಲರ್ ಇದ್ದರೆ ಹೊರಗೆ ಮಾರುವಷ್ಟು ಉಳಿಯುತ್ತೆ. ಅರೆಯುವ ಕಾಲ ಮುಗಿದರೆ ಸಿಪ್ಪೆಯೂ ಇಲ್ಲ. ಮಾರಿಷಸ್ ಆಗ ಅದೇ ಬಾಯ್ಲರುಗಳಲ್ಲಿ ಹೊರದೇಶದ ಕಲ್ಲಿದ್ದಲು ಉರಿಸುತ್ತೆ. ಇದನ್ನು ಹೇಳದೆ ಬರೀ ಹಸಿರು ಕರೆಂಟು ಅಂತ ಹೊಗಳೋದು ಪ್ರಾಮಾಣಿಕತೆ ಅಲ್ಲ.

ಇನ್ನು ಸೋಲಾರ್. ಪಾವಗಡದ ಸೋಲಾರ್ ಪಾರ್ಕಿನ 2050 ಮೆಗಾವ್ಯಾಟ್ ಅಂದರೆ ಮಧ್ಯಾಹ್ನದ ಲೆಕ್ಕ. ಒಂದು ಮೆಗಾವ್ಯಾಟ್ ಪ್ಯಾನೆಲ್ ದಿನಕ್ಕೆ 4ರಿಂದ 5 ಸಾವಿರ ಯೂನಿಟ್ ಕೊಡುತ್ತೆ. ಕಲ್ಲಿದ್ದಲಿನ ಒಂದು ಮೆಗಾವ್ಯಾಟ್ ಇಡೀ ದಿನ ಪೂರ್ತಿ ಓಡಿದರೆ 24 ಸಾವಿರ. ಸಂಜೆ ಆರೂವರೆಗೆ ಪ್ಯಾನೆಲ್ ಸುಮ್ಮನಾದಾಗಲೇ ಮನೆಮನೆಯಲ್ಲಿ ದೀಪ, ಫ್ಯಾನು ಶುರು. ನೀರನ್ನು ಮೇಲೆತ್ತಿ ಮತ್ತೆ ಬಿಡುವ ಪಂಪ್ಡ್ ಸ್ಟೋರೇಜ್ ಒಂದು ದಾರಿ. ಅದರಲ್ಲೂ ನೂರು ಯೂನಿಟ್ ಹಾಕಿದರೆ ಎಂಬತ್ತರ ಹತ್ತಿರ ವಾಪಸ್.

ಅದಕ್ಕಿಂತ ಅಗ್ಗದ ದಾರಿ ನಮ್ಮ ಹೊಲಗಳಲ್ಲೇ ಇದೆ: ಪಂಪ್‌ಸೆಟ್ಟುಗಳ ಲೋಡನ್ನು ಪೂರ್ತಿ ಹಗಲಿಗೆ ತರೋದು. ತೋಟಕ್ಕೆ ನೀರು ಹಗಲೇ ಹಾಯಿಸಬಹುದು, ಊಟ ಮಾಡುವ ಹೊತ್ತಿನ ದೀಪವನ್ನು ಹಗಲಿಗೆ ತರೋಕಾಗಲ್ಲ. ಪಂಪ್‌ಸೆಟ್ಟಿನ ಫೀಡರನ್ನು ಊರಿನ ಫೀಡರಿನಿಂದ ಬೇರೆ ಮಾಡಿ, ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿದರೆ ರೈತರು ಹಾವು ಚೇಳಿನ ಭಯದಲ್ಲಿ ರಾತ್ರಿ ಗದ್ದೆಗೆ ಹೋಗೋದೂ ತಪ್ಪುತ್ತೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಲಾಭ.

ಆದರೆ ಅಲ್ಲೂ ಒಂದು ತೊಡಕಿದೆ. ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೇ ಎದ್ದರೆ ಪ್ರತಿ ಮೋಟರು ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತೆ. ವೋಲ್ಟೇಜ್ ಕುಸಿಯುತ್ತೆ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಹೋಗುತ್ತೆ, ಕಡಿಮೆ ವೋಲ್ಟೇಜಿನಲ್ಲಿ ಒದ್ದಾಡಿದ ಮೋಟರಿನ ವೈಂಡಿಂಗ್ ಸುಡುತ್ತೆ. ಸ್ಟಾರ್ಟರಿನಲ್ಲಿ ಟೈಮರ್ ಇಟ್ಟು ಒಬ್ಬೊಬ್ಬರು ಒಂದೊಂದು ನಿಮಿಷ ಹಿಂದೆಮುಂದೆ ಮಾಡಿಕೊಳ್ಳಿ. ಮೋಟರು ಲೈನಿನಿಂದ ಎಳೆಯುವ ಕರೆಂಟು ತಗ್ಗಿಸಲು ಕೆಪಾಸಿಟರ್ ಇದೆ: 5 ಎಚ್.ಪಿ. ಮೋಟರಿಗೆ ಸಾಮಾನ್ಯವಾಗಿ 2 ಕೆ.ವಿ.ಎ.ಆರ್. (ಕೆಪಾಸಿಟರ್ ಅಳತೆ) ಸಾಕು, ಅದನ್ನು ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ಒಂದೇ ಟಿ.ಸಿ.ಯ ಕೆಳಗಿನ ರೈತರೆಲ್ಲ ಕೂತು ಮಾತಾಡಿಕೊಂಡರೆ ಈ ಬೇಸಿಗೆಗೇ ಇದು ಆಗುವ ಕೆಲಸ.