ತಣ್ಣಗಾಗಲಿ, ಮುಟ್ಟಬೇಡ

ಹೋಗಿ ಬಂದದ್ದು ಭಾನುವಾರ. ಇವತ್ತು ಗುರುವಾರ. ಕಾರಿನ ಬಾಗಿಲು ತೆಗೆದರೆ ಇನ್ನೂ ಬ್ರೆಡ್ಡಿನ ವಾಸನೆ. ಸೀಟಿನ ಸಂದಿಗೆ ಬೆರಳು ಹಾಕಿದರೆ ಪುಡಿ, ಸೀಟ್ ಬೆಲ್ಟ್ ಎಳೆದರೆ ಪುಡಿ. ನಿನ್ನೆ ಆಫೀಸಿನಲ್ಲಿ ಕರ್ಚೀಫು ಕೊಡವಿದೆ, ಅದರಿಂದಲೂ ಪುಡಿ ಉದುರಿತು. ಪಕ್ಕದ ಟೇಬಲ್ಲಿನವರು, "ಏನ್ ಸಾರ್, ಪಾರಿವಾಳ ಸಾಕಿದ್ದೀರಾ?" ಅಂದರು. ನನಗೆ ನಗು ಬರಲಿಲ್ಲ.

ಸಿಟ್ಟು ಪುಡಿಯ ಮೇಲಲ್ಲ. ಭಾವನ ಮೇಲೆ.

ನಮ್ಮ ಭಾವನಿಗೆ ಸಣ್ಣ ಊರಿನ ಬೇಕರಿಗಳ ಹುಚ್ಚು. ಮನೆಯಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಿಗುವ ಬೇಕರಿ ಅವರ ಲೆಕ್ಕದಲ್ಲಿ ಬೇಕರಿಯೇ ಅಲ್ಲ. ಕಾರು ಕನಿಷ್ಠ ಎರಡು ಗಂಟೆ ಓಡಬೇಕು. ದಾರಿ ಒಮ್ಮೆಯಾದರೂ ತಪ್ಪಬೇಕು. ಹೋದಲ್ಲಿ ಕ್ಯೂ ಇರಬೇಕು. ಹಾಗಿದ್ದರೇ ಅದು ಬ್ರೆಡ್ಡು. ಇಂಥವರು ಪ್ರತಿ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಕೆಲವರು ಜಲಪಾತ ನೋಡಲು ಹೋಗುತ್ತಾರೆ, ಕೆಲವರು ಬೆಟ್ಟ ಹತ್ತಲು. ನಮ್ಮ ಭಾವ ಒಲೆ ಹುಡುಕಿಕೊಂಡು ಹೋಗುತ್ತಾರೆ.

ಶನಿವಾರ ರಾತ್ರಿ ಫೋನು ಬಂತು. "ಬೆಳಿಗ್ಗೆ ಆರಕ್ಕೆ ರೆಡಿ ಇರು. ತಿಂಡಿ ತಿನ್ನಬೇಡ. ಹೊಟ್ಟೆ ಖಾಲಿ ಇದ್ದರೇ ರುಚಿ ಗೊತ್ತಾಗೋದು." ನನ್ನ ಹೆಂಡತಿ ಜಾಣೆ. ಆಗಲೇ ತಲೆನೋವು ಅಂದು ಮಲಗಿಬಿಟ್ಟಳು. ಮಾರನೆಯ ದಿನದ ತಲೆನೋವು ಹಿಂದಿನ ರಾತ್ರಿಯೇ ಅವಳಿಗೆ ಹೇಗೆ ಗೊತ್ತಾಯಿತೋ!

ನಾನು ಆರಕ್ಕೆ ರೆಡಿ. ಅವರು ಬಂದದ್ದು ಎಂಟಕ್ಕೆ. ಭಾವನ ಮೀಸೆಯ ತುದಿಯಲ್ಲಿ ತಿಂಡಿಯ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. "ನಂಗೆ ಮಾತ್ರೆ ಇದೆಯಲ್ಲಪ್ಪ, ಖಾಲಿ ಹೊಟ್ಟೇಲಿ ಆಗಲ್ಲ" ಅಂದರು. ಕಾರು ನನ್ನದು. ಆದರೆ ಭಾವ ಇದ್ದಲ್ಲಿ ಸ್ಟೀರಿಂಗ್ ಭಾವನದು. ಅಕ್ಕ ಮುಂದೆ, ನಾನು ಹಿಂದೆ, ನನ್ನ ಪಕ್ಕದಲ್ಲಿ ಬ್ರೆಡ್ಡಿಗೆ ಅಂತ ತಂದ ಖಾಲಿ ಬುಟ್ಟಿ.

ದಾರಿಯುದ್ದಕ್ಕೂ ಉಪನ್ಯಾಸ. ಒಂದು ಬೇಕರಿಯಿಂದ ಒಂದು ಊರಿಗೇ ಹೆಸರು ಬರುತ್ತದಂತೆ. ಉದಾಹರಣೆಗೆ ಅಮೆರಿಕದ ಮಿಸ್ಸೂರಿಯಲ್ಲಿ ಚಿಲಿಕಾಥಿ ಅಂತ ಒಂದು ಸಣ್ಣ ಊರು. 1928ರ ಜುಲೈ 7ರಂದು ಮೆಷಿನ್ನಿನಲ್ಲಿ ಸ್ಲೈಸ್ ಮಾಡಿದ ಬ್ರೆಡ್ಡು ಮೊದಲು ಮಾರಾಟವಾದದ್ದು ಅಲ್ಲಿನ ಬೇಕರಿಯಿಂದ. ಮೆಷಿನ್ ಮಾಡಿದವರು ಆಟೋ ರೋವೆಡರ್. ಆ ಊರು ಇವತ್ತಿಗೂ ತನ್ನನ್ನು ಸ್ಲೈಸ್ ಬ್ರೆಡ್ಡಿನ ತವರು ಅಂತ ಕರೆದುಕೊಳ್ಳುತ್ತದೆ. "ಸ್ಲೈಸ್ ಬ್ರೆಡ್ಡು ನಮ್ಮ ಬೀದಿಯಲ್ಲೇ ಸಿಗುತ್ತೆ, ಭಾವ" ಅಂದೆ. ಕನ್ನಡಿಯಲ್ಲಿ ನನ್ನನ್ನು ನೋಡಿದ ನೋಟದಲ್ಲಿ, ಇವನಿಗೆ ಹೇಳಿ ಪ್ರಯೋಜನವಿಲ್ಲ ಅಂತ ಬರೆದಿತ್ತು.

ಆಮೇಲೆ ಇಂಗ್ಲೆಂಡಿನ ಬೇಕ್‌ವೆಲ್. ಆ ಊರಿನ ಪುಡ್ಡಿಂಗು ಒಬ್ಬ ಅಡುಗೆಯವಳ ಎಡವಟ್ಟಿನಿಂದ ಹುಟ್ಟಿತು ಅಂತ ಕಥೆ. ಈಗ ಅಲ್ಲಿ ಒಂದಕ್ಕಿಂತ ಹೆಚ್ಚು ಅಂಗಡಿಗಳು 'ಅಸಲಿ ರೆಸಿಪಿ ನಮ್ಮದೇ' ಅನ್ನುತ್ತವಂತೆ. "ಹೆಸರಲ್ಲೇ ಬೇಕ್ ಇದೆ ನೋಡು!" ಅಂದರು ಭಾವ. ಅಕ್ಕ ಮೊಬೈಲಿನಲ್ಲಿ ನೋಡಿ, "ಅದಕ್ಕೂ ಬೇಯಿಸೋದಕ್ಕೂ ಸಂಬಂಧ ಇಲ್ವಂತೆ ರೀ, ಯಾರದೋ ಹೆಸರಿನ ನೀರಿನ ಬುಗ್ಗೆಯಿಂದ ಬಂದ ಹೆಸರಂತೆ" ಅಂದಳು. ಐದು ನಿಮಿಷ ಕಾರಿನಲ್ಲಿ ಶಾಂತಿ. ಆ ಐದು ನಿಮಿಷಕ್ಕಾಗಿ ಅಕ್ಕನಿಗೆ ನಾನು ಋಣಿ.

ಊರು ಬಂತು. ಮ್ಯಾಪು ನಮ್ಮನ್ನು ಒಂದು ಗೋಡೆಯ ಮುಂದೆ ನಿಲ್ಲಿಸಿ, ನೀವು ತಲುಪಿದ್ದೀರಿ ಅಂತ ಹೇಳಿ ಸುಮ್ಮನಾಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರನ್ನು ನಿಲ್ಲಿಸಿ ಕೇಳಿದೆವು. "ಓ, ಅದಾ? ಆ ಕಡೆ ಹೋಗಿ, ಕಾರುಗಳು ನಿಂತಿರೋದು ಕಾಣುತ್ತೆ. ನಾವು ಅಲ್ಲಿಗೆ ಹೋಗಲ್ಲ ಸಾರ್, ಯಾರು ಅಷ್ಟು ಹೊತ್ತು ನಿಲ್ತಾರೆ!" ಅಂದರು.

ಕಾರುಗಳು ಕಂಡವು. ಅದಕ್ಕಿಂತ ಮೊದಲು ವಾಸನೆ ಬಂತು. ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ಕಾರಿನಲ್ಲಿ ಕೂತು ಬಂದವನಿಗೆ ಆ ವಾಸನೆ ಬಡಿಯುವುದು ಮೂಗಿಗಲ್ಲ, ಮೊಣಕಾಲಿಗೆ. ನಾನು ಕಾರಿನ ಬಾಗಿಲು ಹಿಡಿದುಕೊಂಡು ನಿಂತೆ. ಹಿಟ್ಟಿನ ಸಕ್ಕರೆ ಅಂಶವೂ ಪ್ರೋಟೀನೂ ಬಿಸಿಗೆ ಸೇರಿ ಕೆಂಪಗಾಗುವಾಗ ಹುಟ್ಟುವ ಪರಿಮಳವಂತೆ ಅದು. 1912ರಲ್ಲಿ ಮೇಯಾರ್ ಅನ್ನುವ ಫ್ರೆಂಚ್ ವಿಜ್ಞಾನಿ ಇದನ್ನು ವಿವರಿಸಿದ, ಅದಕ್ಕೇ ಆ ಕ್ರಿಯೆಗೆ ಅವನ ಹೆಸರು. ಇದನ್ನೂ ಭಾವನೇ ಹೇಳಿದ್ದು. ಕ್ಯೂನಲ್ಲಿ. ನನ್ನ ಕಿವಿಯಲ್ಲಿ.

ಗಾಜಿನ ಕಪಾಟು ಖಾಲಿ. ಕಾಗದದ ಚೀಟಿಯಲ್ಲಿ 'ಮುಂದಿನ ಬ್ರೆಡ್ಡು 11.30ಕ್ಕೆ' ಅಂತ ಬರೆದಿತ್ತು. ಬೇಕರಿಯವರು ರಾತ್ರಿ ಎರಡಕ್ಕೇ ಎದ್ದು ಹಿಟ್ಟು ಕಲಸಿದವರು. ಹಿಟ್ಟು ಉಬ್ಬಲು ಅದರದ್ದೇ ಹೊತ್ತು ಬೇಕು, ಒಲೆಯಲ್ಲಿ ಹಿಡಿಸುವಷ್ಟೇ ಹಿಡಿಸುತ್ತದೆ, ಕ್ಯೂ ಉದ್ದವಾಯಿತು ಅಂತ ಯೀಸ್ಟು ಓಡುವುದಿಲ್ಲ. ಇದೆಲ್ಲ ನನಗೂ ಅರ್ಥವಾಗುತ್ತದೆ. ನನ್ನ ಹೊಟ್ಟೆಗೆ ಅರ್ಥವಾಗಲಿಲ್ಲ. ಅಕ್ಕ ಬ್ಯಾಗಿನ ತಳದಿಂದ ಒಂದು ಪೆಪ್ಪರ್‌ಮಿಂಟ್ ಹುಡುಕಿ ಕೊಟ್ಟಳು. ಅದರ ಕವರು ಅದಕ್ಕೇ ಅಂಟಿಕೊಂಡಿತ್ತು. ಕವರಿನ ಸಮೇತ ಚೀಪಿದೆ.

ಹನ್ನೊಂದೂವರೆಗೆ ಟ್ರೇ ಹೊರಗೆ ಬಂತು. ಮೊಣಕೈವರೆಗೂ ಹಿಟ್ಟು ಮೆತ್ತಿದ ಬೇಕರಿಯವರು ಬ್ರೆಡ್ಡುಗಳನ್ನು ಸಾಲಾಗಿ ಇಟ್ಟರು. ತಣ್ಣನೆಯ ಗಾಳಿ ತಾಗಿ ಮೇಲಿನ ಸಿಪ್ಪೆ ಚಿಟಿಚಿಟಿ ಅನ್ನುತ್ತಿತ್ತು. ನಮ್ಮ ಸರದಿ ಬಂತು. ಇನ್ನೇನು, ಎರಡು ಬ್ರೆಡ್ಡು ತೆಗೆದುಕೊಳ್ಳುವುದು, ದುಡ್ಡು ಕೊಡುವುದು, ತಿನ್ನುವುದು. ಹಾಗಂತ ನಾನು ತಿಳಿದಿದ್ದೆ.

ಭಾವ ಒಂದು ಬ್ರೆಡ್ಡನ್ನು ಕಾಗದದಲ್ಲಿ ಹಿಡಿದು ಎತ್ತಿದರು. ತಲೆಕೆಳಗು ಮಾಡಿದರು. ಬೆರಳಿನ ಗೆಣ್ಣಿನಿಂದ ತಳಕ್ಕೆ ಟಕ್ ಟಕ್ ಅಂತ ಬಡಿದರು. ಕಿವಿಗೆ ಹಿಡಿದರು. ಕಣ್ಣು ಮುಚ್ಚಿದರು.

ಚೆನ್ನಾಗಿ ಬೆಂದ ಬ್ರೆಡ್ಡಿನ ತಳ ಬಡಿದರೆ ಖಾಲಿ ಡಬ್ಬಿಯ ಹಾಗೆ ಟೊಳ್ಳು ಶಬ್ದ ಬರುತ್ತದೆ. ಇದು ನಿಜವೇ, ಬೇಕರಿಯವರೂ ಹಾಗೆ ನೋಡುತ್ತಾರೆ. ಆದರೆ ಅವರು ಒಂದು ಸಲ ಬಡಿದು ಮುಂದಕ್ಕೆ ಹೋಗುತ್ತಾರೆ. ನಮ್ಮ ಭಾವ ತೆಂಗಿನಕಾಯಿ ಆರಿಸುವ ಹಾಗೆ ಒಂದೊಂದನ್ನೇ ಎತ್ತಿ, ಬಡಿದು, ಕೇಳಿ, ತಲೆಯಾಡಿಸಿ, ಕೆಳಗಿಟ್ಟರು. ಎರಡನೆಯದು ದಪ್ಪ ಶಬ್ದ. ಮೂರನೆಯದು ಪರವಾಗಿಲ್ಲ. ನಾಲ್ಕನೆಯದು ಮೊದಲನೆಯದರ ಹಾಗೇ ಇದೆಯಲ್ಲ ಅಂತ ಅನುಮಾನ ಬಂದು ಮತ್ತೆ ಮೊದಲನೆಯದನ್ನು ಎತ್ತಿದರು.

"ಸಾರ್, ಎಲ್ಲ ಒಂದೇ ಒಲೆಯಿಂದ ಬಂದಿದ್ದು" ಅಂದರು ಬೇಕರಿಯವರು.

"ಒಂದೇ ತಾಯಿ ಮಕ್ಕಳೂ ಒಂದೇ ತರ ಇರಲ್ಲ ಯಜಮಾನ್ರೇ" ಅಂದ ಭಾವ ಐದನೆಯದನ್ನು ಎತ್ತಿದರು. ಹೇಳುವಾಗ ನನ್ನ ಕಡೆ ಯಾಕೆ ನೋಡಿದರೋ.

ಹಿಂದಿನಿಂದ ಒಂದು ಮಗು ಜೋರಾಗಿ, "ಅಮ್ಮಾ, ಆ ಅಂಕಲ್ ಬ್ರೆಡ್ಡಲ್ಲಿ ಯಾರ ಹತ್ರ ಮಾತಾಡ್ತಿದ್ದಾರೆ?" ಅಂತು. ಇಡೀ ಕ್ಯೂ ನಕ್ಕಿತು. ಭಾವನಿಗೆ ಕೇಳಿಸಲಿಲ್ಲ, ಕಿವಿಗೆ ಬ್ರೆಡ್ಡು ಅಡ್ಡ ಇತ್ತು. ಆರನೆಯದನ್ನು ನನ್ನ ಕಿವಿಗೆ ಹಿಡಿದು, "ನೀನೇ ಕೇಳು, ಒಳಗೆ ಏನೋ ಗುಡುಗುಡು ಅಂತಿದೆ" ಅಂದರು.

"ಭಾವ, ಅದು ನನ್ನ ಹೊಟ್ಟೆ" ಅಂದೆ.

ಏಳನೆಯದೂ ಮೂರನೆಯದೂ ಪಾಸಾದವು. ದುಡ್ಡು ಕೊಡುವಾಗ ಭಾವ ಹೊಸ ರಾಗ ತೆಗೆದರು. 1266ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಡ್ಡಿನ ತೂಕಕ್ಕೆ ಕಾನೂನು ಬಂತಂತೆ. ತೂಕ ಕಡಿಮೆಯಾದರೆ ಶಿಕ್ಷೆ. ಆ ಭಯಕ್ಕೆ ಅಲ್ಲಿನವರು ಡಜನ್ನಿಗೆ ಹದಿಮೂರು ಕೊಡುತ್ತಿದ್ದರಂತೆ. ಬೇಕರಿಯವರು ಪೂರ್ತಿ ಕೇಳಿಸಿಕೊಂಡು, "ಸರಿ ಸಾರ್, ಆದ್ರೆ ನೀವು ತಗೊಂಡಿದ್ದು ಎರಡು" ಅಂದು ಕವರು ಕೈಗಿಟ್ಟರು.

ಕಾರಿಗೆ ಬಂದು ಕೂತೆವು. ಬ್ರೆಡ್ಡು ಬುಟ್ಟಿಗೆ ಹೋಗಲಿಲ್ಲ. ಬುಟ್ಟಿಯಲ್ಲಿ ಗಾಳಿ ಆಡುವುದಿಲ್ಲವಂತೆ! ಎರಡೂ ಕಾಗದದ ಕವರು ನನ್ನ ತೊಡೆಯ ಮೇಲೆ ಬಂದವು. ಪ್ಯಾಂಟಿನೊಳಗೆ ಬಿಸಿ ಇಳಿಯಿತು. ನಾನು ಒಂದು ಕವರಿನ ಬಾಯಿ ಬಿಚ್ಚಿದೆ.

"ತಣ್ಣಗಾಗಲಿ, ಮುಟ್ಟಬೇಡ!"

ಬ್ರೆಡ್ಡು ಒಲೆಯಿಂದ ಹೊರಗೆ ಬಂದ ಮೇಲೂ ಬೇಯುತ್ತಲೇ ಇರುತ್ತದಂತೆ. ಒಳಗೆ 95 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಬಿಸಿ ಇರುತ್ತದೆ, ಹಬೆ ಇರುತ್ತದೆ, ಪಿಷ್ಟ ಇನ್ನೂ ಗಟ್ಟಿ ನಿಂತಿರುವುದಿಲ್ಲ. ಈಗ ಕೊಯ್ದರೆ ಅಂಟು ಅಂಟು. ತಣ್ಣಗಾದ ಮೇಲೇ ಅದು ಬ್ರೆಡ್ಡು. "ಹಾಗಾದರೆ ಬಿಸಿ ಬ್ರೆಡ್ಡು ತರೋಕೆ ಇಷ್ಟು ದೂರ ಯಾಕೆ ಬಂದ್ವಿ, ಭಾವ?" ಅಂತ ಕೇಳಿದೆ. ಪ್ರಾಮಾಣಿಕವಾಗಿಯೇ ಕೇಳಿದೆ. ಉತ್ತರ ಬರಲಿಲ್ಲ. ಫ್ರಿಜ್ಜಿನಲ್ಲಿ ಇಡಬಾರದು ಅನ್ನುವ ಹೊಸ ಅಧ್ಯಾಯ ಶುರುವಾಯಿತು. ಬ್ರೆಡ್ಡು ಗಟ್ಟಿಯಾಗುವುದು ನೀರು ಆರಿ ಅಲ್ಲವಂತೆ. 1852ರಲ್ಲೇ ಬುಸಿಂಗೊ ಅನ್ನುವ ಫ್ರೆಂಚರವನು ತೇವ ಹೋಗದ ಹಾಗೆ ಮುಚ್ಚಿಟ್ಟರೂ ಬ್ರೆಡ್ಡು ಹಳತಾಗುತ್ತದೆ ಅಂತ ತೋರಿಸಿದ. ಫ್ರಿಜ್ಜಿನ ತಂಪಿನಲ್ಲಿ ಅದು ಇನ್ನೂ ಬೇಗ.

ಎರಡು ಗಂಟೆಯ ದಾರಿ. ತೊಡೆಯ ಮೇಲೆ ಬಿಸಿ ಬ್ರೆಡ್ಡು. ಕವರಿಗೆ ಹಬೆ ತಾಗಿ ಕಾಗದ ಮೆತ್ತಗಾಗುತ್ತಿತ್ತು. ಮುಂದೆ ಬುಸಿಂಗೊ ಓಡುತ್ತಿದ್ದ.

ಸಣ್ಣವನಿದ್ದಾಗ ಬ್ರೆಡ್ಡು ತರುವ ಕೆಲಸ ನನ್ನದು. ಜ್ವರ ಬಂದವರು ಯಾರಾದರೂ ಮನೆಯಲ್ಲಿದ್ದರೆ ಮಾತ್ರ ಬ್ರೆಡ್ಡು, ಹಾಗಾಗಿ ಯಾರಿಗಾದರೂ ಜ್ವರ ಬರಲಿ ಅಂತ ಕಾಯುತ್ತಿದ್ದೆ. ಅಂಗಡಿಯಿಂದ ಮನೆಗೆ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಒಂದು ಮೂಲೆಗೆ ಬೆರಳು ಹಾಕಿ, ಚೂರು ಚೂರೇ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಮನೆ ಮುಟ್ಟುವಾಗ ಹೊರಗಿನಿಂದ ಬ್ರೆಡ್ಡು, ಒಳಗೆ ಸುರಂಗ. ಅಮ್ಮ ತಿರುಗಿಸಿ ನೋಡಿ, "ಬೇಕರೀಲಿ ಇಲಿ ಇದೆ ಅಂತ ಕಾಣುತ್ತೆ" ಅನ್ನುತ್ತಿದ್ದಳು. ಅಷ್ಟೇ. ಬೈದದ್ದು ನೆನಪಿಲ್ಲ. ಮಲಗಿದ್ದಲ್ಲಿಂದಲೇ ಅಕ್ಕ, "ಈ ಇಲಿ ಚಡ್ಡಿ ಹಾಕುತ್ತೆ ಅಮ್ಮ" ಅನ್ನುತ್ತಿದ್ದಳು, ನೂರೆರಡು ಡಿಗ್ರಿ ಜ್ವರದಲ್ಲೂ. ಅಮ್ಮ ಹೋಗಿ ಆರು ವರ್ಷವಾಯಿತು. ಈಗ ಜ್ವರ ಬಂದರೆ ಮಾತ್ರೆ ನುಂಗಿ ಆಫೀಸಿಗೆ ಹೋಗುತ್ತೇವೆ.

ಬೆರಳು ಯಾವಾಗ ಒಳಗೆ ಹೋಯಿತೋ ನನಗೆ ಗೊತ್ತಾಗಲಿಲ್ಲ.

ಭಾವ ಹೇಳಿದ್ದು ನಿಜ, ಒಪ್ಪುತ್ತೇನೆ. ಅಂಟು ಅಂಟಾಗಿತ್ತು, ಹಲ್ಲಿಗೆ ಮೆತ್ತಿಕೊಂಡಿತು, ನಾಲಿಗೆ ಸುಟ್ಟಿತು. ಅಷ್ಟು ರುಚಿಯಾದದ್ದನ್ನು ಈಚೆಗೆ ನಾನು ತಿಂದಿಲ್ಲ. ಬಲಗಡೆಯ ಕವರಿನ ಬ್ರೆಡ್ಡಿನ ತುದಿಯಿಂದ ಶುರುಮಾಡಿದವನು ಭಾವನ ಉಪನ್ಯಾಸ ಇಟಲಿಯ ಹಳೆಯ ಊರು ಪಾಂಪೇಗೆ ಬರುವ ಹೊತ್ತಿಗೆ ನಡುಭಾಗ ತಲುಪಿದ್ದೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಅಲ್ಲಿ ಸುಟ್ಟು ಕರಕಾದ ದುಂಡನೆಯ ಬ್ರೆಡ್ಡು ಇವತ್ತಿಗೂ ಇದೆ, ಎಂಟು ಹೋಳಿನ ಗೆರೆ ಸಮೇತ. "ಎರಡು ಸಾವಿರ ವರ್ಷ ಆಗ್ತಾ ಬಂತು, ಯಾರೂ ಮುಟ್ಟಿಲ್ಲ ನೋಡು!" ಅಂದರು ಭಾವ. "ಹೂಂ" ಅಂದೆ. ಬಾಯಿ ತುಂಬಿತ್ತು.

ನಮ್ಮ ಮನೆಯ ಮುಂದೆ ಇಳಿದಾಗ ಕವರುಗಳನ್ನು ಅಕ್ಕ ಎತ್ತಿಕೊಂಡಳು. ಬಲಗೈಯ ಕವರನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿದಳು. ನನ್ನ ಮುಖ ನೋಡಿದಳು. ನನ್ನ ಅಂಗಿಯ ಮೇಲಿನ ಪುಡಿ ನೋಡಿದಳು. ಮಾತಾಡದೆ ಕವರಿನ ಬಾಯಿಯನ್ನು ಇನ್ನೆರಡು ಸುತ್ತು ಮಡಚಿದಳು.

ಭಾವ ಎರಡನ್ನೂ ನಮ್ಮ ಟೇಬಲ್ಲಿನ ಮೇಲೆ ಪಕ್ಕಪಕ್ಕ ಇಟ್ಟರು. "ಒಂದು ನಿಮಗೆ, ಒಂದು ನಮಗೆ. ಇರು, ನೋಡಿ ಕೊಡ್ತೀನಿ." ಮತ್ತೆ ಬಗ್ಗಿದರು. ಕವರಿನ ಮೇಲಿಂದಲೇ ಮೊದಲನೆಯದಕ್ಕೆ ಬಡಿದರು. ಟಕ್. ಎರಡನೆಯದಕ್ಕೆ ಬಡಿದರು. ಡಬ್ ಡಬ್.

ಭಾವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಇನ್ನೊಮ್ಮೆ ಬಡಿದರು. ನನ್ನ ಹೆಂಡತಿಯನ್ನು ಕರೆದು ಕೇಳಿಸಿದರು. "ಇಂಥ ಶಬ್ದ ನನ್ನ ಜನ್ಮದಲ್ಲೇ ಕೇಳಿಲ್ಲ" ಅಂದು ಅದನ್ನು ಎದೆಗೆ ಅವಚಿಕೊಂಡು, "ಬೇಜಾರು ಮಾಡ್ಕೋಬೇಡಪ್ಪ, ಇದು ನಾನೇ ಇಟ್ಕೋತೀನಿ" ಅಂತ ಹೊರಟರು.

ಇಡೀ ಬ್ರೆಡ್ಡು ನಮಗೆ ಉಳಿಯಿತು. ಹೆಂಡತಿ ಅದನ್ನು ನೇರ ಫ್ರಿಜ್ಜಿಗೆ ಇಟ್ಟಳು.

ರಾತ್ರಿ ಒಂಬತ್ತಕ್ಕೆ ಭಾವನ ಫೋನು ಬಂತು, ನಾನು ಎತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ಅಕ್ಕನ ಮೆಸೇಜು: "ಬೇಕರೀಲಿ ಇಲಿ ಇದೆ ಅಂತ ಹೇಳಿದೀನಿ. ಇನ್ನು ಆ ಊರು ಬೇಡ್ವಂತೆ. ಮುಂದಿನ ಭಾನುವಾರ ಬೇರೆ ಕಡೆ. ಮೂರು ಗಂಟೆ ದಾರಿ, ತಿಂಡಿ ತಿನ್ನಬೇಡ ಅಂತಿದಾರೆ."