ದುರ್ಗಕ್ಕೆ ಬನ್ನಿ, ಗಾಡಿ ಕೆಳಗೇ ಬಿಡಿ

ಕಳೆದ ಭಾನುವಾರ ತುಮಕೂರು ಹತ್ತಿರದ ದೇವರಾಯನದುರ್ಗ ಬೆಟ್ಟದ ಘಾಟ್ ರಸ್ತೆಯಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಮುಂದೆ ಕಾರು, ಹಿಂದೆ ಕಾರು, ಸಂದಿಯಲ್ಲಿ ಬೈಕು. ತಡೆಗೋಡೆ ಮೇಲೆ ಒಂದು ಕೋತಿ ಕೂತಿತ್ತು, ಹೊಟ್ಟೆಗೆ ಮರಿ ಅವುಚಿಕೊಂಡಿತ್ತು. ಯಾರೋ ಕಿಟಕಿಯಿಂದ ಚಿಪ್ಸ್ ಪ್ಯಾಕೆಟ್ ಎಸೆದರು. ಮರಿ ಸಮೇತ ಕೋತಿ ರಸ್ತೆಗೆ ಹಾರಿತು. ಬೈಕಿನ ಚಕ್ರ ಒಂದು ಗೇಣು ದೂರದಲ್ಲಿ ನಿಂತಿತು. ಕೋತಿ ಪ್ಯಾಕೆಟ್ಟಿನೊಳಗೆ ಕೈ ಹಾಕಿ, ಖಾರ ಹತ್ತಿದ ಬೆರಳು ನೆಕ್ಕಿತು. ಆಮೇಲೆ ಮರಿ ಖಾಲಿ ಕವರು ನೆಕ್ಕಿತು. ಅದು ಇನ್ನೂ ಕಣ್ಣ ಮುಂದೆಯೇ ಇದೆ.

ನಮ್ಮಜ್ಜಿ ಇದೇ ಕಾಡಿಗೆ ಒಣ ಸೌದೆಗೆ ಬರುತ್ತಿದ್ದಳು. ಜೊತೆಗೆ ಹಂಚಿಕಡ್ಡಿ, ಪೊರಕೆ ಕಟ್ಟೋಕೆ. ಕಾಲ ಬಂದಾಗ ಸೆರಗಿನಲ್ಲಿ ಸೀತಾಫಲ, ಕಾರೆಹಣ್ಣು. ಹಸಿ ಕೊಂಬೆಗೆ ಕುಡುಗೋಲು ಹಾಕಿದರೆ ಬೈಯುತ್ತಿದ್ದಳು: "ಮುಂದಿನ ವರ್ಷ ಏನ್ ತರ್ತೀಯ?" ಕಾಡಿನ ಲೆಕ್ಕ ಅವಳಿಗೆ ಹಾಗೆ ಗೊತ್ತಿತ್ತು. ಮೈಸೂರು ಸಂಸ್ಥಾನದಲ್ಲಿ 1864ರಲ್ಲೇ ಅರಣ್ಯ ಇಲಾಖೆ ಶುರುವಾಯ್ತು. ಆಮೇಲೆ ಕಾಡು ಸರ್ಕಾರದ್ದಾಯ್ತು, ಸುತ್ತಲ ಹಳ್ಳಿಯವರು ಕುರಿ ಮೇಯಿಸೋದಕ್ಕೂ ಸೌದೆಗೂ ಕೇಳಿಕೊಂಡು ಹೋಗಬೇಕಾಯ್ತು. ಕಾಡು ಉಳಿದಿದ್ದೂ ಆ ಕಟ್ಟುನಿಟ್ಟಿನಿಂದಲೇ, ಒಪ್ಪುತ್ತೇನೆ. ಇವತ್ತು ಸುಮಾರು 42 ಚದರ ಕಿಲೋಮೀಟರ್ ಕಾಡು ಇದೆ. ಚಿರತೆ ಇದೆ, ಕರಡಿ ಇದೆ. ಆದರೆ ಸೌದೆ ಹೊರೆಗೆ ಅಷ್ಟು ಲೆಕ್ಕ ಕೇಳಿದ ಕಾಡಿಗೆ, ವಾರಕ್ಕೊಮ್ಮೆ ಬರುವ ಸಾಲು ಸಾಲು ಕಾರುಗಳ ಲೆಕ್ಕ ಯಾರು ಕೇಳ್ತಾರೆ?

ಬೆಟ್ಟಕ್ಕೆ ಜನ ಬರೋದು ಹೊಸದೇನಲ್ಲ. ಜಡಕ ಅನ್ನೋ ಪಾಳೆಗಾರನ ಹೆಸರಲ್ಲಿ ಇದು ಜಡಕನದುರ್ಗ ಆಗಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಗೆದ್ದ ಮೇಲೆ ದೇವರಾಯನದುರ್ಗ ಆಯ್ತು. ಬ್ರಿಟಿಷ್ ಅಧಿಕಾರಿಗಳು ಬೇಸಿಗೆಯಲ್ಲಿ ತಂಪಿಗೆ ಅಂತ ಇಲ್ಲಿಗೆ ಬರುತ್ತಿದ್ದರು. ಫಾಲ್ಗುಣದ ತೇರಿಗೆ ನಮ್ಮೋರು ಎತ್ತಿನ ಗಾಡಿ ಕಟ್ಟಿಕೊಂಡು ಬಂದು, ಗಾಡಿ ಕೆಳಗೆ ಬಿಟ್ಟು, ಭೋಗನರಸಿಂಹನಿಗೆ ಕೈ ಮುಗಿದು, ನಡೆದೇ ಯೋಗನರಸಿಂಹನ ಹತ್ತಿರ ಹತ್ತುತ್ತಿದ್ದರು. ಅದೇ ಹೊತ್ತಿಗೆ ಜಾಲಾರಿ ಮರ ಹೂ ಬಿಡುತ್ತೆ. ಬಿಳಿ ಹೂವಿನ ಆ ವಾಸನೆ, ಮರ ತುಂಬಾ ಜೇನಿನ ಗುಯ್ ಗುಟ್ಟುವ ಸದ್ದು. ಎಸಿ ಕಾರಿನ ಕಿಟಕಿ ಮುಚ್ಚಿಕೊಂಡವರಿಗೆ ಇದು ಎರಡೂ ಸಿಗಲ್ಲ. ನಡೆದವರಿಗೆ ಮಾತ್ರ ಸಿಗುತ್ತೆ.

ನೀರಿನ ಮಾತು ಹೇಳದೇ ಇರೋಕಾಗಲ್ಲ. ಶಿಂಷಾ ಹುಟ್ಟೋದು ಈ ಬೆಟ್ಟದಲ್ಲಿ. ಜಯಮಂಗಲಿ ಹುಟ್ಟೋದೂ ಇಲ್ಲೇ. ಒಂದು ತೆಂಕಲಿಗೆ ಹೋಗಿ ಕಾವೇರಿ ಸೇರುತ್ತೆ. ಇನ್ನೊಂದು ಕೊರಟಗೆರೆ, ಮಧುಗಿರಿ ಕಡೆ ಹರಿದು ಉತ್ತರ ಪಿನಾಕಿನಿ ಸೇರುತ್ತೆ. ಬಂಡೆಯ ಯಾವ ಪಕ್ಕಕ್ಕೆ ಮಳೆ ಬಿತ್ತು ಅನ್ನೋದರ ಮೇಲೆ ಅದರ ದಾರಿ! ಇಲ್ಲಿನ ನಾಮದ ಚಿಲುಮೆ ಅನ್ನೋ ಒರತೆಯಲ್ಲಿ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದ ಅಂತ ಕತೆ ಇದೆ. ಬಂಡೆಯಿಂದ ಒಸರುವ ಆ ನೀರು ನೋಡಿದರೆ ಬರದ ತುಮಕೂರಿನವರಿಗೆ ಅದು ಬರೀ ಕತೆ ಅನ್ನಿಸಲ್ಲ. ಅಂಥ ಕಡೆ ಬಿಸ್ಲೆರಿ ಬಾಟಲಿ ಎಸೆದು ಹೋಗ್ತಾರೆ ಅಲ್ವಾ, ಅದಕ್ಕೆ ಹೊಟ್ಟೆ ಉರಿಯೋದು.

ಹಾಗಂತ ಗೇಟು ಹಾಕಿ ಎಲ್ಲರನ್ನೂ ಹೊರಗಿಡಿ ಅನ್ನೋರ ಜೊತೆ ನಾನಿಲ್ಲ. ಕಾಡು ನೋಡದ ಮಕ್ಕಳು ದೊಡ್ಡವರಾಗಿ ಕಾಡಿಗಾಗಿ ಜಗಳ ಆಡಲ್ಲ. ನನ್ನ ಬೇಡಿಕೆ ಇಷ್ಟೇ. ಶನಿವಾರ, ಭಾನುವಾರ ಸ್ವಂತ ಗಾಡಿಗಳು ಬೆಟ್ಟದ ಬುಡದಲ್ಲೇ ನಿಲ್ಲಲಿ. ಮೇಲಕ್ಕೆ ಸಣ್ಣ ಬಸ್ಸುಗಳು ಓಡಲಿ. ವಯಸ್ಸಾದವರು, ಮಂಡಿನೋವಿನವರು, ಹರಕೆ ಹೊತ್ತವರು ಅದರಲ್ಲಿ ಹೋಗಲಿ. ಉಳಿದವರು ನಡೆಯಲಿ. ಸೌತೆಕಾಯಿ, ಚುರುಮುರಿ ಮಾರುವವರಿಗೂ ಬುಡದಲ್ಲೇ ಜಾಗ ಕೊಡಿ. ಇಳಿದು ಬರುವ ಜನ ಕೊಂಡೇ ಕೊಳ್ತಾರೆ. ಬೇಸಿಗೆಯಲ್ಲಂತೂ ಬೀಡಿ, ಸಿಗರೇಟು ಕೆಳಗೇ ಬಿಟ್ಟು ಬರಬೇಕು. ಒಣ ಹುಲ್ಲಿಗೆ ಒಂದು ತುಂಡು ಸಾಕು. ಒಂದು ಮಧ್ಯಾಹ್ನದ ಬೆಂಕಿಗೆ ಎಷ್ಟೋ ವರ್ಷದ ಸಸಿ ಹೋಗುತ್ತೆ.

ಅರಣ್ಯ ಇಲಾಖೆಗೆ ಒಂದು ಅರ್ಜಿ ಬರೆದಿದ್ದೇನೆ. ಸಹಿ ಬೇಕು. ಬರುವ ಭಾನುವಾರ ಬೆಳಗ್ಗೆ ಆರಕ್ಕೆ ಬುಡದಲ್ಲಿ ಇರ್ತೀನಿ, ನಡೆದೇ ಹತ್ತೋದು. ಬರೋರು ಸ್ಟೀಲ್ ಬಾಟಲಿಯಲ್ಲಿ ನೀರು ತನ್ನಿ, ಕಸ ಆಯೋಕೆ ಒಂದು ಗೋಣಿಚೀಲ ತನ್ನಿ. ಕೋತಿಗೆ ಅಂತ ಏನೂ ತರಬೇಡಿ.